ನಾಲ್ಕು ಸೀರೆ, ಸೋಮವಾರದೊಳಗೆ

ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೆ ಮನಸ್ಸು ತಣ್ಣಗಾಗುತ್ತದೆ ಎಂದು ಹೇಳುವವರಿದ್ದಾರೆ. ಅವರು ಯಾವತ್ತೂ ಹಳೆ ಸೀರೆ ಕೂಡಿಸಲು ಊರು ತಿರುಗಿದವರಲ್ಲ. ನಾನು ತಿರುಗಿದ್ದೇನೆ. ಪ್ರತಿ ಸಲವೂ ಏನಾದರೊಂದು ನಡೆಯುತ್ತದೆ, ಪ್ರತಿ ಸಲವೂ ನನ್ನ ತಲೆ ಕಾದ ಹಂಚಾಗುತ್ತದೆ, ಮನೆಗೆ ಬಂದು ಹೇಳಿದರೆ ನನ್ನ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕಳೆದ ಸಲ ಅವರು ನಕ್ಕಾಗ ಸಿಟ್ಟು ಬಂದು, "ಇದನ್ನೆಲ್ಲಾ ಬರದ ಇಡ್ತೇನಿ, ನೋಡ್ರಿ" ಅಂದೆ. "ಬರೀ, ಬರೀ" ಅಂದರು. ಬರೆಯುತ್ತಿದ್ದೇನೆ.

ನಾನು ಹಿಂದೆ ಏನನ್ನೂ ಬರೆದವಳಲ್ಲ. ಗಿರಾಕಿಗಳ ಅಳತೆ ಬರೆದಿದ್ದೇನೆ, ಅಷ್ಟೆ. ಅದಕ್ಕಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಮೊದಲೇ ಗೊತ್ತಿದ್ದವರು ಆ ಸಾಲುಗಳನ್ನು ದಾಟಿಕೊಂಡು ಹೋಗಬಹುದು, ನನಗೆ ಬೇಜಾರಿಲ್ಲ.

ಗಡಿಯ ಆಚೆ, ಮರಾಠಿ ಸೀಮೆಯ ಗಡಹಿಂಗ್ಲಜದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಸೀರೆಗೆ ಫಾಲ್ ಹಚ್ಚುತ್ತೇನೆ, ಪಿಕೊ ಮಾಡುತ್ತೇನೆ, ಜಂಪರ್ ಹೊಲಿಯುತ್ತೇನೆ. ಜಂಪರ್ ಎಂದರೆ ಬ್ಲೌಸು. ನಮ್ಮ ಕಡೆ ಹಾಗೆ ಅನ್ನುತ್ತಾರೆ. ತವರುಮನೆ ಸಂಕೇಶ್ವರದ ಹತ್ತಿರ, ಕಲಿತದ್ದು ಕನ್ನಡ ಶಾಲೆ. ಹೀಗಾಗಿ ಅಂಗಡಿಯಲ್ಲಿ ಮರಾಠಿ ಮಾತಾಡುತ್ತೇನೆ, ಸಿಟ್ಟು ಬಂದರೆ ಕನ್ನಡ. ಮರಾಠಿಯಲ್ಲಿ ಆಡಿದ ಮಾತುಗಳನ್ನೂ ಇಲ್ಲಿ ಹೆಚ್ಚಾಗಿ ಕನ್ನಡದಲ್ಲೇ ಬರೆಯುತ್ತೇನೆ.

ಈಗ ವಿಷಯ. ಗಡಿಯ ಹಳ್ಳಿಯೊಂದರಿಂದ ಒಬ್ಬ ಹೆಣ್ಣುಮಗಳು ಜಂಪರಿಗೆ ತ್ಯಾಪೆ ಹಾಕಿಸಿಕೊಳ್ಳಲು ನನ್ನ ಅಂಗಡಿಗೆ ಬರುತ್ತಾಳೆ. ಕುರಿ ಸಾಕುವ ಮನೆತನ. ಗಂಡ, ಅತ್ತೆ, ಮಾವ ಎಲ್ಲರೂ ವರ್ಷದಲ್ಲಿ ಅರ್ಧ ಕಾಲ ಕುರಿಗಳ ಬೆನ್ನು ಹತ್ತಿ ಊರೂರು ತಿರುಗುತ್ತಾರೆ. ಆಕೆ ಹತ್ತನೆಯ ಇಯತ್ತೆ ಪಾಸಾಗಿದ್ದಾಳೆ, ಮರಾಠಿ ಕನ್ನಡ ಎರಡೂ ಚೆನ್ನಾಗಿ ಬರುತ್ತವೆ. ಹೆಸರು ಬರೆಯುವುದಿಲ್ಲ. ನಾನು ಆಕೆಯನ್ನು ತಂಗಿ ಎಂದು ಕರೆಯುತ್ತೇನೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಒಂದು ಮಂಗಳವಾರ ತಂಗಿ ಓಡುತ್ತ ಬಂದಳು. ಕೊಲ್ಹಾಪುರದ ಒಂದು ಇಂಗ್ಲಿಷ್ ಶಾಲೆಯಲ್ಲಿ ಆಯಾ ಕೆಲಸ ಸಿಕ್ಕಿತ್ತು. ಮಕ್ಕಳನ್ನು ಬಸ್ಸಿನಿಂದ ಇಳಿಸುವುದು, ಕೈ ತೊಳೆಸುವುದು, ಡಬ್ಬಿ ತಿನ್ನಿಸುವುದು. ಕೊಲ್ಹಾಪುರದಲ್ಲಿ ಆಕೆಯ ಅಕ್ಕ ಇದ್ದಾಳೆ, ಇರಲು ಜಾಗದ ಚಿಂತೆ ಇಲ್ಲ. ದೊಡ್ಡ ಮಾತೆಂದರೆ, ಕೆಲಸ ಗಟ್ಟಿಯಾದರೆ ಆಕೆಯ ಮಗಳಿಗೂ ಅದೇ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಪುಕ್ಕಟೆ ಸೀಟು. ಕುರಿಗಳ ಹಿಂದೆ ತಿರುಗುತ್ತ ಆ ಕೂಸು ಈಗಾಗಲೇ ಮೂರು ಊರಿನ ಅಂಗನವಾಡಿ ನೋಡಿತ್ತು.

"ಆದ್ರ ಅಕ್ಕಾರ, ಎಂಟ ದಿನ ಪರೀಕ್ಷಾ ಮಾಡ್ತಾರಂತ. ದಿನಾ ನೆಟ್ಟನ ಸೀರಿ ಉಟ್ಟು ಬರಬೇಕಂತ. ನನ್ನ ಕಡೆ ಇರೂವು ಎರಡು. ಒಂದು ಮೈ ಮ್ಯಾಲ, ಒಂದು ಹಗ್ಗದ ಮ್ಯಾಲ."

"ಯಾವತ್ತ ಹಾಜರ ಆಗಬೇಕು?"

"ಸೋಮವಾರ."

ಹೊಸ ಸೀರೆ ಯಾಕೆ ಕೊಡಿಸಲಿಲ್ಲ ಎಂದು ನೀವು ಕೇಳಬಹುದು. ಕೊಡಿಸುತ್ತೇನೆ ಅಂದೆ. ತಂಗಿ ಒಪ್ಪಲಿಲ್ಲ. "ಹಳೇವು ಕೊಟ್ರ ನಿಮ್ಮ ಕಪಾಟು ಹಗರ ಆಗತೈತಿ. ಹೊಸಾವು ಕೊಟ್ರ ನನ್ನ ಮನಸ್ಸು ಭಾರ ಆಗತೈತಿ" ಅಂದಳು. ನನ್ನವೇ ಹಳೆ ಸೀರೆ ಯಾಕೆ ಕೊಡಲಿಲ್ಲ ಎಂದೂ ಕೇಳಬಹುದು. ನಾನು ಮಷೀನ್ ತುಳಿಯುವವಳು, ದಿನಾಲು ಚೂಡಿದಾರ. ಇರುವ ಮೂರು ಸೀರೆಯೂ ಮದುವೆಗೆ ಉಡುವ ಜರಿಯವು. ಅವನ್ನು ಉಟ್ಟುಕೊಂಡು ಮಕ್ಕಳ ಮೂಗು ಒರೆಸಲಿಕ್ಕಾಗುವುದಿಲ್ಲ.

ನಾಲ್ಕು ಸೀರೆ ಸಾಕು ಎಂದು ಲೆಕ್ಕ ಹಾಕಿದೆವು. ಇಷ್ಟು ದೊಡ್ಡ ಊರಿನಲ್ಲಿ ನಾಲ್ಕು ಹಳೆ ಸೀರೆ ಸಿಗಲಿಕ್ಕಿಲ್ಲವೇ? ನಮ್ಮ ಓಣಿಯ ಹೆಂಗಸರ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ಹಳೆಯವು ನಡೆಯುತ್ತವೆ. ಉಡುವಂತಿರಬೇಕು." ಐದು ನಿಮಿಷದಲ್ಲಿ ಹದಿನೆಂಟು ಜನ ಕೈ ಮುಗಿದ ಚಿತ್ರ ಕಳಿಸಿದರು. ಸೀರೆಗಳು ಅಷ್ಟು ಬೇಗ ಬರಲಿಲ್ಲ.

೧. ಕಾರಿನಲ್ಲಿ ಬಂದ ಗಂಟು

ಬುಧವಾರ ಬೆಳಗ್ಗೆ ಅಂಗಡಿಯ ಮುಂದೆ ಕಾರು ನಿಂತಿತು. ಹೊಸ ಬಡಾವಣೆಯ ಬಂಗಲೆಯವರು, ನನ್ನ ಗಿರಾಕಿ. ನಮ್ಮ ಕಡೆ ಇಂಥವರನ್ನೆಲ್ಲ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತೇವೆ. ಡ್ರೈವರ್ ದೊಡ್ಡ ಗಂಟನ್ನು ತಂದು ಇಟ್ಟ. ನನಗೆ ಎಷ್ಟು ಸಂತೋಷವಾಯಿತೆಂದರೆ, ಚಹಾ ತರಿಸಿದೆ. ಅದು ನನ್ನ ತಪ್ಪು. ಗಂಟು ಬಿಚ್ಚುವ ಮೊದಲು ಚಹಾ ತರಿಸಬಾರದು.

ಬಿಚ್ಚಿದೆ. ಮೇಲೆ ಒಂದು ಕಿಟಕಿಯ ಪರದೆ, ಉಂಗುರಗಳ ಸಮೇತ. ಅದರ ಕೆಳಗೆ ಲಾಡಿ ಇಲ್ಲದ ಎರಡು ಪರಕರ. ಪರಕರ ಎಂದರೆ ಸೀರೆಯ ಒಳಗಿನ ಲಂಗ. ಅದರ ಕೆಳಗೆ ಒಂದು ಗಂಡಸರ ಪ್ಯಾಂಟು, ಒಂಟಿ ಕಾಲುಚೀಲ, ಒಂದು ನೈಟಿ.

"ವೈನಿ, ಇದು ಪರದೆ ಅಲ್ಲೇನ್ರಿ?"

"ಹೌದ್ರಿ. ಆದ್ರ ಅರಬಿ ಭಾಳ ಚಲೋ ಐತಿ. ಬಡವರು ಹೆಂಗರ ಉಪಯೋಗ ಮಾಡ್ತಾರ." ಅರಬಿ ಎಂದರೆ ಬಟ್ಟೆ.

"ಪ್ಯಾಂಟು?"

"ಆಕಿಗೆ ಗಂಡ ಅದಾನಲ್ಲ?"

ನೈಟಿಯನ್ನು ಎತ್ತಿ ಹಿಡಿದೆ. ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲಿ ಸುಟ್ಟು ದೊಡ್ಡ ತೂತು ಬಿದ್ದಿತ್ತು. ಆ ತೂತಿನೊಳಗಿಂದ ವೈನಿಯವರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ತೂತಿನೊಳಗಿಂದಲೇ ಕೇಳಿದೆ, "ಇದನ್ನ ನೀವು ಹಾಕ್ಕೋತೀರೇನ್ರಿ?"

"ಅಯ್ಯ, ನಾನ್ಯಾಕ ಹಾಕ್ಕೊಳ್ಳಲಿ? ಸುಟ್ಟೈತಲ್ಲ!" ಅಂದರು, ನನಗೆ ಕಣ್ಣು ಕಾಣಿಸುವುದಿಲ್ಲವೇನೋ ಎನ್ನುವ ಹಾಗೆ.

ನನ್ನ ಬಾಯಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ. ಗಿರಾಕಿ ನೋಡಿ. ಅವರೂ ಚಹಾ ಮುಗಿಸಿ, ದಾನ ಮಾಡಿದ ಸಮಾಧಾನದಿಂದ ಕಾರು ಹತ್ತಿದರು. ಕಾರು ಹತ್ತು ಮಾರು ಹೋಗಿ ನಿಂತಿತು. ಹಿಂದೆ ಬಂತು. ವೈನಿ ಕಿಟಕಿಯ ಗಾಜು ಇಳಿಸಿ ಹೊರಗೆ ಕೈ ಚಾಚಿದರು.

"ಅಕ್ಕಾರ, ಆ ಗಂಟ ಕಟ್ಟಿದ ಚಾದರ ತಿರುಗಿ ಕೊಡ್ರಿ. ಅದು ಚಲೋ ಐತಿ."

೨. ಇಡ್ಲಿ ಪಾತ್ರೆ

ಗುರುವಾರದ ಮಾತು ಹೇಳುವ ಮೊದಲು ಒಂದು ಪದ್ಧತಿ ತಿಳಿಸಬೇಕು. ನಮ್ಮ ಕಡೆ ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತುಕೊಂಡು ಬಾಯಿಗಳು, ಅಂದರೆ ಹೆಂಗಸರು, ಬರುತ್ತಾರೆ. ಹಳೆ ಬಟ್ಟೆ ಕೊಟ್ಟರೆ ಪಾತ್ರೆ ಕೊಡುತ್ತಾರೆ. ಒಂದು ಸೀರೆಗೆ ವಾಟಿ, ಅಂದರೆ ಬಟ್ಟಲು, ಎರಡಕ್ಕೆ ತಾಟು, ಜರಿ ಇದ್ದರೆ ಇನ್ನೂ ದೊಡ್ಡದು. ಹೀಗಾಗಿ ನಮ್ಮ ಹೆಣ್ಣುಮಕ್ಕಳು ಹಳೆ ಬಟ್ಟೆಯನ್ನು ಎರಡು ಭಾಗ ಮಾಡಿ ಇಡುತ್ತಾರೆ. ಚಲೋ ಇದ್ದದ್ದು ಪಾತ್ರೆಗೆ, ಹರಿದದ್ದು ಪುಣ್ಯಕ್ಕೆ.

ನಮ್ಮ ಗ್ರೂಪಿನಲ್ಲಿ ಎಲ್ಲರಿಗಿಂತ ಮೊದಲು ಕೈ ಮುಗಿದವರು ಒಬ್ಬ ಮಾಸ್ತರರ ಹೆಂಡತಿ. "ನಾಲ್ಕು ಸೀರಿ ತಗದ ಇಟ್ಟೇನಿ, ಗುರುವಾರ ಹತ್ತಕ್ಕ ಬರ್ರಿ" ಎಂದು ಫೋನ್ ಮಾಡಿ ಹೇಳಿದ್ದರು. ನಾಲ್ಕೂ ಒಂದೇ ಮನೆಯಲ್ಲಿ! ನಾನು ಹತ್ತಕ್ಕೆ ಐದು ನಿಮಿಷ ಮೊದಲೇ ಹೋದೆ.

ಕಟ್ಟೆಯ ಮೇಲೆ ಪಾತ್ರೆಯ ಬಾಯಿ ಕೂತಿದ್ದಳು. ಆಕೆಯ ತೊಡೆಯ ಮೇಲೆ ನಾಲ್ಕು ಸೀರೆ. ವೈನಿ ಒಂದು ಇಡ್ಲಿ ಪಾತ್ರೆಯನ್ನು ಎತ್ತಿ ಹಿಡಿದು, ಬೆರಳಿನಿಂದ ಟಣ್ ಟಣ್ ಬಡಿದು ನೋಡುತ್ತಿದ್ದರು.

"ವೈನಿ, ಇವು ನನಗಂತ ಇಟ್ಟಿದ್ದಲ್ಲೇನ್ರಿ?"

"ನಿಮಗಂತನಽ ಇಟ್ಟಿದ್ದೆ. ಆಕಿ ಮೊದಲ ಬಂದಳು, ಏನ ಮಾಡ್ಲಿ?"

"ಹತ್ತಕ್ಕ ಬರ್ರಿ ಅಂದ್ರಿ. ಇನ್ನೂ ಹತ್ತ ಆಗಿಲ್ಲ."

"ಗಡಿಯಾರ ನೋಡಿ ದಾನ ಮಾಡಾಕ ಬರತೈತೇನ್ರಿ?" ಅಂದರು.

ನಾನು ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು ತಂಗಿಯ ವಿಷಯ ಎಲ್ಲ ಹೇಳಿದೆ. ಸೋಮವಾರ, ಶಾಲೆ, ಎಂಟು ದಿನದ ಪರೀಕ್ಷೆ, ಮಗಳ ಸೀಟು. ವೈನಿ "ಪಾಪ" ಅಂದು ಪಾತ್ರೆಯ ಮುಚ್ಚಳ ಬಿಗಿಯಾಗಿ ಕೂರುತ್ತದೋ ಇಲ್ಲವೋ ನೋಡಿದರು. ಪಾತ್ರೆಯ ಬಾಯಿ ಮಾತ್ರ ಕಿವಿಗೊಟ್ಟು ಕೇಳಿದಳು. ಕೇಳಿ, ತೊಡೆಯ ಮೇಲಿನ ಸೀರೆಗಳಲ್ಲಿ ಎಲ್ಲಕ್ಕೂ ಚೆಂದದ್ದನ್ನು, ಮಾವಿನ ಬಣ್ಣದ್ದು, ಹಸಿರು ಅಂಚಿನದು, ಎತ್ತಿ ನನ್ನ ಕೈಯಲ್ಲಿಟ್ಟಳು. "ಘ್ಯಾ ತಾಯಿ, ಪೋರಗೀ ಶಿಕೂ ದೇ" ಅಂದಳು. ತಗೋ ಅಕ್ಕಾ, ಹುಡುಗಿ ಕಲೀಲಿ ಎಂದು ಅರ್ಥ.

"ಮತ್ತ ನಿನ್ನ ಪಾತ್ರೆ?"

ಮೂರಕ್ಕೇ ಕೊಟ್ಟೆ ಅಂತ ತಿಳೀತೇನೆ ಅಂದಳು.

ವೈನಿಯ ಕೈ ಮುಚ್ಚಳದ ಮೇಲೆ ನಿಂತುಬಿಟ್ಟಿತು. "ಮೂರಕ್ಕ ಕೊಡಾಕ ಬರತಿತ್ತೇನ? ಮತ್ತ ಅರ್ಧಾ ತಾಸ ಜಗಳ ಮಾಡಿ ನಾಲ್ಕ ಯಾಕ ಇಸಕೊಂಡಿ? ಹಂಗಾದ್ರ ನನಗ ಒಂದು ಸೌಟು ಕೊಡು!"

ಸೌಟು ಇಸಿದುಕೊಂಡರು. ನಾನು ಸಿಟ್ಟಿನಿಂದ ಗೇಟಿನ ತನಕ ಬಂದಿದ್ದೆ, ಹಿಂದಿನಿಂದ ಕೂಗಿದರು.

"ಅಕ್ಕಾರ, ಗ್ರೂಪಿನ್ಯಾಗ ಹಾಕೂ ಮುಂದ ನನ್ನ ಹೆಸರಽ ಹಾಕ್ರಿ. ಸೀರಿ ನಮ್ಮ ಮನೀದಲ್ಲ?"

೩. ದುಃಖದ ಮುಖ

ಶುಕ್ರವಾರ ಇಚಲಕರಂಜಿ. ಅಲ್ಲಿ ನನ್ನ ನಾದಿನಿ ಇದ್ದಾಳೆ. ಊರಿಗೆ ಊರೇ ಮಗ್ಗದ ಸಪ್ಪಳ. ಹಗಲೂ ರಾತ್ರಿ ಬಟ್ಟೆ ನೇಯುವ ಊರು ಅದು. ನನಗೆ ಬೇಕಾದದ್ದು ಮೂರು ಹಳೆ ಸೀರೆ. ಇದನ್ನು ಮೊದಲೇ ಬರೆದಿಟ್ಟರೆ ನನ್ನ ಸಿಟ್ಟು ನಿಮಗೆ ಅರ್ಥವಾದೀತು.

ನಾದಿನಿ ಒಂದು ಮಹಿಳಾ ಮಂಡಳದಲ್ಲಿ ಇದ್ದಾಳೆ. "ವೈನಿ, ನಮ್ಮ ಮಂಡಳದವರು ಹತ್ತ ಸೀರಿ ಕೊಡ್ತಾರಂತ. ಆದ್ರ ಆ ಬಾಯೀನ್ನ ಕರಕೊಂಡಽ ಬರ್ರಿ" ಅಂದಿದ್ದಳು. ತಂಗಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಹಾಲ್, ವೇದಿಕೆ, ಮೈಕು, ಬ್ಯಾನರ್. ಬ್ಯಾನರಿನ ಮೇಲೆ ಎಂಟು ಹೆಂಗಸರ ಫೋಟೋ. ತಂಗಿಯ ವಿಷಯ ಎಲ್ಲಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ: "ಒಬ್ಬ ಗರಜು ಮಹಿಳೆಗೆ". ಗರಜು ಎಂದರೆ ಇಲ್ಲದವರು, ಬೇಕಾದವರು.

ತಂಗಿ ಪರ ಊರಿಗೆ ಹೋಗುವುದೆಂದು ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿ, ಅಬ್ಬಲಿಗೆ ಮುಡಿದುಕೊಂಡು ಬಂದಿದ್ದಳು. ಅಧ್ಯಕ್ಷರು ಆಕೆಯನ್ನು ಮೇಲಿಂದ ಕೆಳಗೆ ನೋಡಿ ನನ್ನನ್ನು ಕೇಳಿದರು, "ಈಕೀನಽ ಏನ್ರಿ? ಗರಜು ಹಂಗ ಕಾಣವಲ್ಲಳಲ್ಲ. ಹೂವರ ತಗಸ್ರಿ."

"ಯಾಕ್ರಿ? ಇಲ್ಲದವರ ಹಿತ್ತಲದಾಗ ಹೂವ ಅರಳಬಾರದೇನ್ರಿ?" ಅಂದೆ. ನಾದಿನಿ ನನ್ನ ಕೈ ಚಿವುಟಿದಳು. ಹೂವು ಉಳಿಯಿತು.

ಭಾಷಣ ಮುಗಿದ ಮೇಲೆ ಸೀರೆ ಕೊಡುವುದು ಶುರುವಾಯಿತು. ಮಿಂಚುವ ಡಬ್ಬಿಯಲ್ಲಿ ಹೊಸ ಸೀರೆ. ಒಂದೇ ಡಬ್ಬಿ. ಎಂಟು ಜನರೂ ತಮ್ಮ ತಮ್ಮ ಕೈಯಿಂದ ಕೊಡಬೇಕು, ಎಂಟು ಫೋಟೋ ಆಗಬೇಕು. ಒಬ್ಬರು ಕೊಡುತ್ತಾರೆ, ತಂಗಿ ತೆಗೆದುಕೊಳ್ಳುತ್ತಾಳೆ, ಫೋಟೋ. ಡಬ್ಬಿಯನ್ನು ತಿರುಗಿ ಇಸಿದುಕೊಳ್ಳುತ್ತಾರೆ, ತಂಗಿ ಕೂರುತ್ತಾಳೆ. ಮುಂದಿನವರು ಬರುತ್ತಾರೆ, ತಂಗಿ ಏಳುತ್ತಾಳೆ. ನಾಲ್ಕನೆಯ ಸಲ ಎದ್ದಾಗ ತಂಗಿ ವೇದಿಕೆಯ ಮೇಲಿಂದಲೇ ನನ್ನನ್ನು ಕೇಳಿದಳು, ಮೈಕಿನ ಮುಂದೆ:

"ಅಕ್ಕಾರ, ಇವರು ಕೊಡಾಕತ್ತಾರೋ, ಇಸಕೊಳ್ಳಾಕತ್ತಾರೋ?"

ಹಿಂದಿನ ಸಾಲಿನವರು ನಕ್ಕರು, ಮುಂದಿನ ಸಾಲಿನವರು ನಗಲಿಲ್ಲ. ಫೋಟೋದವನಿಗೆ ಬೇರೆ ತೊಂದರೆ. "ಬಾಯಿ, ಹಲ್ಲ ಕಾಣಸಬ್ಯಾಡ್ರಿ. ಸ್ವಲ್ಪ ದುಃಖದ ಮುಖ ಮಾಡ್ರಿ" ಅಂದ.

"ಕೈಯಾಗ ಹೊಸಾ ಸೀರಿ ಐತಿ. ದುಃಖ ಎಲ್ಲಿಂದ ತರ್ಲೋ ಅಣ್ಣಾ?"

ಎಂಟೂ ಜನರದು ಮುಗಿಯಿತು. ತಂಗಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಕಾರ್ಯದರ್ಶಿ ಬಂದು ಅದನ್ನು ಮೆಲ್ಲಗೆ ಆಕೆಯ ಕೈಯಿಂದ ಬಿಡಿಸಿಕೊಂಡರು. "ಇದು ಫೋಟೋಕ್ಕಂತ ಅಂಗಡಿಯಿಂದ ತಂದದ್ದವಾ. ಐದರೊಳಗ ತಿರುಗಿ ಮುಟ್ಟಸಬೇಕು. ನಿಂದೇನೈತಲ್ಲ, ಅದನ್ನ ಮುಂದಿನ ಮೀಟಿಂಗಿನ್ಯಾಗ ಠರಾವ ಮಾಡ್ತೇವಿ."

ತಂಗಿಯ ಮುಖ ಬಾಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋಟೋದವನು ಕ್ಯಾಮೆರಾ ಎತ್ತಿಕೊಂಡು ಓಡಿ ಬಂದ.

"ಬಾಯಿ, ಈಗ ಬರೋಬ್ಬರಿ ಐತಿ ನೋಡ್ರಿ ಮುಖ! ಒಂದ ಮಿನಿಟ ಹಂಗಽ ನಿಂದರ್ರಿ."

೪. ಆಯಿಯ ಡಬ್ಬಿ

ನಾದಿನಿಗೆ ನಾಚಿಕೆಯಾಗಿ ತನ್ನ ಕಪಾಟಿನಿಂದ ಒಂದು ಬದನೆ ಬಣ್ಣದ ಸೀರೆ ತೆಗೆದು ಕೊಟ್ಟಳು. ಅಲ್ಲಿಗೆ ಎರಡಾದವು. ಇನ್ನೆರಡು ಬೇಕು, ದಿನ ಉಳಿದಿದ್ದು ಎರಡು, ಅದರಲ್ಲಿ ಜಂಪರ್ ಬೇರೆ ಹೊಲಿಯಬೇಕು. ಯಾಕೆಂದರೆ ಸೀರೆ ಕೊಡುವವರು ಯಾರೂ ಜಂಪರ್ ಕೊಡುವುದಿಲ್ಲ, ಕೊಟ್ಟರೂ ಒಬ್ಬರದು ಒಬ್ಬರ ಮೈಗೆ ಕೂರುವುದಿಲ್ಲ.

ಶನಿವಾರ ಪೇಟೆಯ ಹಳೆಯ ಕಿರಾಣಿ ವ್ಯಾಪಾರಿಗಳ ಮನೆಯಿಂದ ಕರೆ ಬಂತು. ಆ ಮನೆಯ ಆಯಿ, ಅಂದರೆ ಅಜ್ಜಿ, ನನ್ನನ್ನು ಬರಹೇಳಿದ್ದರು. ಸೊಸೆ ಬಾಗಿಲಲ್ಲೇ ಎಚ್ಚರಿಸಿದಳು, "ಅತ್ತಿಯವರಿಗೆ ಮರವು. ಏನರ ಕೊಟ್ರ ನನಗ ತೋರಿಸಿ ಒಯ್ಯಿರಿ."

ಆಯಿ ಮಂಚದ ಮೇಲೆ ಎರಡು ಸೀರೆ ತೆಗೆದಿಟ್ಟುಕೊಂಡು ಕೂತಿದ್ದರು. ಒಂದು ಅಚ್ಚಿನ ಸೀರೆ. ಇನ್ನೊಂದು ನೋಡಿ ನನ್ನ ಕಣ್ಣು ಅಲ್ಲೇ ನಿಂತವು. ಕೈಮಗ್ಗದ ಹಳೆ ಇಳಕಲ್, ಕೆಂಪು ರೇಷ್ಮೆಯ ಸೆರಗು, ಮಡಿಕೆ ಬಿಚ್ಚಿದರೆ ಇನ್ನೂ ಹೊಳಪು. "ಆಯಿ, ಇದನ್ನ ಕೊಡ್ತೀರಿ?" ಅಂದೆ. "ನಾನು ಉಟ್ಟು ಎಲ್ಲಿ ಹೋಗ್ಲಿ? ಆಕಿ ಉಟ್ಟು ಕೆಲಸಕ್ಕ ಹೋಗಲಿ" ಅಂದರು.

ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ತಲೆ ತಣ್ಣಗಾಯಿತು. ಅಷ್ಟರಲ್ಲಿ ಆಯಿ ದಿಂಬಿನ ಕೆಳಗಿನಿಂದ ಕತ್ತರಿ ತೆಗೆದು, ಆ ಇಳಕಲ್ ಸೆರಗಿನ ಮೂಲೆಯನ್ನು ಕಚಕ್ ಎಂದು ಕತ್ತರಿಸಿಬಿಟ್ಟರು!

ನಾನು ಹೊಲಿಯುವವಳು. ಸೆರಗಿನ ಮೇಲೆ ಕತ್ತರಿ ಆಡಿದ್ದು ನೋಡಿದರೆ ನನಗೆ ನನ್ನ ಬೆರಳು ಕತ್ತರಿಸಿದ ಹಾಗೆ ಆಗುತ್ತದೆ. "ಆಯೀ! ಏನ ಮಾಡಿದ್ರಿ?"

"ಉಟ್ಟ ಸೀರಿ ಪೂರಾ ಕೊಡಬಾರದವಾ. ಮನೀ ಲಕ್ಷ್ಮೀ ಅದರ ಗುಂಟ ಹೋಗತಾಳ. ಒಂದು ಚೂರು ಇಟಗೋಬೇಕು."

"ಎರಡ ಬೆರಳಿನ ಚೂರಿನ್ಯಾಗ ಲಕ್ಷ್ಮೀ ಹೆಂಗ ಕೂಡತಾಳ್ರಿ ಆಯಿ?"

"ಇಷ್ಟ ವರ್ಷ ಕೂತಾಳ, ಈಗ ನಿನಗ ಕೇಳಿ ಏಳಬೇಕೇನ?" ಎಂದು ಎರಡನೆಯ ಸೀರೆಯ ಮೂಲೆಯನ್ನೂ ಕತ್ತರಿಸಿದರು.

ಇಂಥ ಮೂಢನಂಬಿಕೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಆಯಿ ಮಂಚದ ಕೆಳಗಿನಿಂದ ಒಂದು ತಗಡಿನ ಬಿಸ್ಕೀಟ್ ಡಬ್ಬಿ ಎಳೆದು, ಆ ಚೂರುಗಳನ್ನು ಅದರಲ್ಲಿ ಹಾಕಿದರು. ಡಬ್ಬಿ ತುಂಬ ಚೂರುಗಳು. ಕೆಂಪು, ಹಸಿರು, ಚೌಕಳಿ, ಜರಿ, ನೂರು ಇದ್ದಾವು, ಹೆಚ್ಚೂ ಇದ್ದಾವು. ಒಂದೊಂದೇ ಎತ್ತಿ ಹೇಳತೊಡಗಿದರು. ಇದು ನಮ್ಮ ಸೂಲಗಿತ್ತಿಗೆ ಕೊಟ್ಟದ್ದು. ಇದು ಮನೆ ಬಿದ್ದವಳಿಗೆ. ಇದು ಮುರಗೂಡದ ಸಂತೆಯಲ್ಲಿ ಅಳುತ್ತ ಕೂತಿದ್ದವಳಿಗೆ, ಹೆಸರೂ ಕೇಳಲಿಲ್ಲ.

ನಾನೂ ಒಂದು ಚೂರು ಎತ್ತಿ ನೋಡಿದೆ. ಅಷ್ಟು ಚೂರುಗಳಿಗೆ ಅಷ್ಟು ಸೀರೆ! ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ನೋಡಿ, ಸುಮ್ಮನೆ ಮಾತಿಗೆ ಕೇಳಿದೆ, "ಇದರಾಗ ವೈನಿಯವರು ಕೊಟ್ಟಿದ್ದರ ಚೂರು ಯಾವೂ ಅದಾವ್ರಿ ಆಯಿ?"

ಆಯಿ ಡಬ್ಬಿಯ ಮುಚ್ಚಳ ಒತ್ತಿದರು.

"ಆಕಿಗೆ ಇನ್ನೂ ಡಬ್ಬಿ ಬೇಕಾಗಿಲ್ಲವಾ."

೫. ಜಾಗ ಇಲ್ಲದ ಗಂಡಸು

ಇದು ಸಣ್ಣ ಪ್ರಸಂಗ. ಬಿಡೋಣವೆಂದಿದ್ದೆ, ಯಜಮಾನರು ಬಿಡಬೇಡ ಅಂದರು.

ಭಾನುವಾರ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ಜಂಪರ್ ಹೊಲಿಯುತ್ತಿದ್ದೆ. ಗುರುತಿಲ್ಲದ ನಂಬರಿನಿಂದ ಒಬ್ಬ ಗಂಡಸು ಫೋನ್ ಮಾಡಿದ.

"ನೀವು ಹಳೇ ಸೀರಿ ತಗೋತೀರಂತಲ್ರಿ? ನಮ್ಮ ಮನ್ಯಾಗ ಹದಿನೈದು ಅದಾವು. ಒಂದನ್ನೂ ಎರಡ ಸಲಕ್ಕಿಂತ ಹೆಚ್ಚಿಗಿ ಉಟ್ಟಿಲ್ಲ. ಈಗಿಂದೀಗ ಬಂದು ಒಯ್ಯಿರಿ."

ಹದಿನೈದು! ನಮಗೆ ಬೇಕಾದ ನಾಲ್ಕು ಆಗಿದ್ದವು, ಆದರೂ ಚಪ್ಪಲಿ ಹಾಕಿಕೊಂಡೆ. ಆಮೇಲೆ ಯಾಕೋ ಅನುಮಾನ ಬಂತು. "ಮನಿಯವರಿಗೆ ಕೇಳೀರೇನ್ರಿ?"

"ಕೇಳಿದ್ರ ಕೊಡ್ತಾಳೇನ್ರಿ? ಆಕಿ ತವರಮನಿಗೆ ಹೋಗ್ಯಾಳ, ಮಂಗಳವಾರ ಬರ್ತಾಳ. ಕಪಾಟಿನ್ಯಾಗ ನನ್ನ ಎರಡು ಅಂಗಿ ಇಡಾಕ ಜಾಗಾ ಇಲ್ರಿ!"

ನನ್ನ ಸಿಟ್ಟು ಎಲ್ಲಿತ್ತೋ, ಬಂತು. "ಅಣ್ಣಾರ, ಮಂಗಳವಾರ ಆಕಿ ಬಂದು ಕಪಾಟ ತಗದ ಮ್ಯಾಲ ನಿಮ್ಮನ್ನ ಮನೀ ಹೊರಗ ಹಾಕ್ತಾಳ. ಉಟ್ಟ ಅರಬಿ ಮ್ಯಾಲ ಹೊರಗ ಬೀಳತೀರಿ. ಆವಾಗ ನನಗ ಫೋನ ಹಚ್ಚಬ್ಯಾಡ್ರಿ. ನಾನು ಹೆಂಗಸರ ಅರಬಿ ಅಷ್ಟಽ ಕೂಡಸ್ತೇನಿ."

೬. ಇನ್ನೂ ಹಳೆಯದು

ಸೋಮವಾರ ತಂಗಿ ಕೊಲ್ಹಾಪುರದಲ್ಲಿ ಕೆಲಸಕ್ಕೆ ಹಾಜರಾದಳು. ನಾಲ್ಕು ಸೀರೆ, ನಾಲ್ಕು ಜಂಪರ್, ಎಲ್ಲಕ್ಕೂ ಇಸ್ತ್ರಿ. ಕತ್ತರಿಸಿದ ಸೆರಗಿನ ಮೂಲೆಗಳನ್ನು ನಾನು ಒಳಕ್ಕೆ ಮಡಚಿ ಕಾಣದ ಹಾಗೆ ಹೊಲಿದಿದ್ದೆ. ದಿನಾಲು ಸಂಜೆ ಶಾಲೆಯ ಬಸ್ಸು ಖಾಲಿಯಾದ ಮೇಲೆ ತಂಗಿ ಫೋನ್ ಮಾಡುತ್ತಿದ್ದಳು. ಅಲ್ಲಿ ಎಲ್ಲರೂ ಮಾತಾಡುವುದು ಮರಾಠಿ. ತಂಗಿ ನನಗೆ ಕನ್ನಡದಲ್ಲಿ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಮೊದಲ ದಿನ ಮಾವಿನ ಬಣ್ಣದ ಸೀರೆ ಉಟ್ಟಿದ್ದಳು. ಸಂಜೆ ಗೇಟಿನಲ್ಲಿ ಒಬ್ಬ ಹುಡುಗನ ತಂದೆ ಆಕೆಗೆ ಕೈ ಮುಗಿದು, "ಮೇಡಂ, ನಮ್ಮ ಹುಡುಗ ಹೆಂಗ ಅದಾನ್ರಿ?" ಎಂದು ಕೇಳಿದನಂತೆ.

"ಅಭ್ಯಾಸದ್ದು ನನಗ ಗೊತ್ತಿಲ್ರಿ. ಡಬ್ಬಿ ಪೂರಾ ತಿಂದಾನ" ಅಂದಳಂತೆ ತಂಗಿ.

ಆ ತಂದೆಗೆ ಎಷ್ಟು ಖುಷಿಯಾಯಿತೆಂದರೆ, ಈ ಶಾಲೆಯಲ್ಲಿ ತನಗೆ ಅರ್ಥವಾಗುವ ಮಾತು ಹೇಳಿದವರು ನೀವೇ ಮೊದಲು ಎಂದು ಇನ್ನೊಮ್ಮೆ ಕೈ ಮುಗಿದ. ಇದನ್ನು ದೊಡ್ಡ ಮೇಡಂ, ಅಂದರೆ ಮುಖ್ಯಾಧ್ಯಾಪಿಕೆ, ಕಿಟಕಿಯಿಂದ ನೋಡಿದರು. ಒಳಗೆ ಕರೆಸಿದರು.

"ಆಯಾ ಅಂದ್ರ ಆಯಾ ಹಂಗ ಕಾಣಬೇಕು. ಪಾಲಕರು ಗೇಟಿನ್ಯಾಗ ನಿನಗ ಕೈ ಮುಗದು ಹೊಂಟಾರ. ನಾಳಿಂದ ಹಳೇ ಸೀರಿ ಉಟ್ಟು ಬಾ."

"ಮೇಡಂ, ಇದು ಹಳೇದಽ ಐತ್ರಿ."

ಇದನ್ನು ಕೇಳಿ ನಾನು ಮಷೀನ್ ನಿಲ್ಲಿಸಿದೆ. ನೆಟ್ಟಗೆ ಉಟ್ಟು ಬಾ ಎಂದವರೂ ಇವರೇ, ನೆಟ್ಟಗೆ ಉಟ್ಟರೆ ಬೈಯುವವರೂ ಇವರೇ! "ತಂಗಿ, ನಾನು ನಾಳೆ ಬಸ್ ಹತ್ತಿ ಬರ್ತೇನಿ. ಆ ಮೇಡಂಗ ಎರಡ ಮಾತ ಕೇಳ್ತೇನಿ."

"ಬ್ಯಾಡ್ರಿ ಅಕ್ಕಾರ. ನೀವು ಬಂದ್ರ ನನ್ನ ಕೆಲಸ ಖರೇನಽ ಹೋಗತೈತಿ."

ಮಂಗಳವಾರ ಬದನೆ ಬಣ್ಣದ್ದು ಉಟ್ಟಳು. ಮೇಡಂ ಮೆಟ್ಟಿಲಲ್ಲೇ ಹಿಡಿದರು. "ನಿನ್ನೆ ಏನ ಹೇಳಿದೆ ನಿನಗ?"

"ಹಳೇದು ಉಟ್ಟು ಬಾ ಅಂದ್ರಿ. ಇದು ನಿನ್ನೇದಕ್ಕಿಂತ ಹಳೇದ್ರಿ."

"ಎದುರು ಮಾತಾಡ್ತಿ? ನಾಳೆ ಹಿಂಗಽ ಬಂದ್ರ ಗೇಟಿನ ಹೊರಗಽ ನಿಲ್ಲಸ್ತೇನಿ. ಮಗಳ ಸೀಟಿಂದೂ ಮರತಬಿಡು."

ಆ ಸಂಜೆ ಫೋನಿನಲ್ಲಿ ತಂಗಿಯ ಧ್ವನಿ ಸಣ್ಣದಾಗಿತ್ತು. ಆಕೆಯ ಸ್ವಂತದ ಎರಡು ಸೀರೆಗಳಲ್ಲಿ ಒಂದಕ್ಕೆ ತ್ಯಾಪೆ, ಒಂದಕ್ಕೆ ಬಣ್ಣವೇ ಇಲ್ಲ. ಅವನ್ನು ಉಟ್ಟರೆ ನೆಟ್ಟಗಿಲ್ಲ ಎಂದು ತೆಗೆಯುತ್ತಾರೆ, ಇವನ್ನು ಉಟ್ಟರೆ ನೆಟ್ಟಗಿದೆ ಎಂದು ತೆಗೆಯುತ್ತಾರೆ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಒಂದು ವಾರ ಬಾಗಿಲು ಬಾಗಿಲು ತಿರುಗಿ ನಾನು ಆಕೆಗೆ ಉಪಕಾರ ಮಾಡಿದೆನೋ ಅಪಕಾರ ಮಾಡಿದೆನೋ ತಿಳಿಯಲಿಲ್ಲ. "ತ್ಯಾಪೀದಽ ಉಡು, ಸೀಟ್ ಮುಖ್ಯ" ಅಂದೆ. ತಂಗಿ, "ಆಕಿ ಹಳೇದು ಅಂತ ಬೇಡ್ಯಾಳ. ಹಳೇದಽ ಉಡ್ತೇನ್ರಿ" ಅಂದಳು.

ಬುಧವಾರ ಆಯಿಯ ಇಳಕಲ್ ಉಟ್ಟು ಹೋದಳು.

ಮೇಡಂ ಗೇಟಿನಲ್ಲೇ ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು, "ಮೇಡಂ, ಇದು ಐವತ್ತ ವರ್ಷದ ಹಿಂದಿಂದ್ರಿ. ಇದಕ್ಕಿಂತ ಹಳೇದು ಬೇಕಂದ್ರ ನನ್ನ ಕಡೆ ಇಲ್ರಿ. ಅರಮನೀ ಮ್ಯೂಜಿಯಮ್ಮಿನ್ಯಾಗ ಕೇಳಬೇಕ್ರಿ."

ವಾಚಮನ್ ಆ ಕಡೆ ಮುಖ ತಿರುಗಿಸಿಕೊಂಡು ನಕ್ಕನಂತೆ. ಮೇಡಂ ಮಾತ್ರ ಬೈಯಲಿಲ್ಲ. ಅವರ ಕೈ ಸೀದಾ ತಂಗಿಯ ಸೆರಗಿಗೆ ಹೋಯಿತು. ತಿರುಗಿಸಿ ನೋಡಿದರು, ಎರಡು ಬೆರಳಿನಿಂದ ತಿಕ್ಕಿ ನೋಡಿದರು. "ಇದು ಖರೇ ಕೈಮಗ್ಗದ್ದೇನು?" ಅಂದರು, ಧ್ವನಿ ಇಳಿಸಿ.

ಇಲ್ಲಿ ಒಂದು ಮಾತು ಹೇಳಬೇಕು. ಈಗ ಊರಿನ ದೊಡ್ಡವರೆಲ್ಲ ಹಳೆ ಇಳಕಲ್ ಹುಡುಕುತ್ತಾರೆ. ನಮ್ಮ ಅಜ್ಜಿಯರು ಉಟ್ಟಾಗ ಅದು ಹಳ್ಳಿಯವರ ಸೀರೆ, ಇವರು ಉಟ್ಟರೆ ಸಂಸ್ಕೃತಿ. ಆ ಶನಿವಾರ ಶಾಲೆಯಲ್ಲಿ ಪಾರಂಪರಿಕ ಉಡುಪಿನ ಸಮಾರಂಭ ಇತ್ತಂತೆ. ಸಂಸ್ಥೆಯ ಅಧ್ಯಕ್ಷರ ಹೆಂಡತಿ ಬರುವವರಿದ್ದರು, ಅವರು ಉಡುವುದು ಅಸಲಿ ಇಳಕಲ್. ಮೇಡಂ ಹತ್ತಿರ ಇದ್ದದ್ದು ಅಚ್ಚು ಹಾಕಿದ ನಕಲಿ.

"ಶನಿವಾರ ಒಂದ ದಿನ ಇದನ್ನ ನನಗ ಕೊಡ್ತಿಯೇನು?"

ಫೋನಿನಲ್ಲಿ ಇದನ್ನು ಕೇಳಿ ನಾನು ಕೂಗಾಡಿದೆ. ಬಡವರಿಗೆಂದು ಊರು ತಿರುಗಿ ಕೂಡಿಸಿದ ಸೀರೆ ಮೇಡಂ ಉಡುವುದೇ! ಎರಡು ದಿನ ಆಕೆಯನ್ನು ಗೋಳಾಡಿಸಿ, ಮೂರನೆಯ ದಿನ ಆಕೆಯದೇ ಸೀರೆ ಬೇಡುವುದೇ! "ಕೊಡಬ್ಯಾಡ ತಂಗಿ! ಹೇಳಾಕತ್ತೇನಿ ನೋಡು, ಏನಽ ಆಗಲಿ, ಕೊಡಬ್ಯಾಡ!"

"ಕೊಟ್ಟೆನ್ರಿ" ಅಂದಳು ತಂಗಿ.

ನಾನು ಸಿಟ್ಟಿನಿಂದ ಆಮೇಲೆ ತಂಗಿಯ ಫೋನ್ ಎತ್ತುವುದನ್ನೇ ಬಿಟ್ಟೆ. ಇದು ನಾನು ಮಾಡಬಾರದಿತ್ತು, ಒಪ್ಪುತ್ತೇನೆ. ಶನಿವಾರ ಸಮಾರಂಭ ಆಯಿತು. ಮುಂದಿನ ಸೋಮವಾರಕ್ಕೆ ಎಂಟು ದಿನದ ಪರೀಕ್ಷೆಯೂ ಮುಗಿಯಿತು. ಆಮೇಲೆ ತಂಗಿಯೇ ಅಕ್ಕನ ಫೋನಿನಿಂದ ಮಾಡಿದಳು. ಕೆಲಸ ಉಳಿದಿತ್ತು. ಮಗಳ ಹೆಸರನ್ನು ಮೇಡಂ ತಮ್ಮ ಕೈಯಿಂದಲೇ ಒಂದನೆಯ ಇಯತ್ತೆಯ ಹಾಜರಿಯಲ್ಲಿ ಬರೆದರಂತೆ. ಇನ್ನು ಮುಂದೆ ಯಾವ ಸೀರೆಯಾದರೂ ಉಟ್ಟು ಬಾ ಅಂದರಂತೆ.

ನನಗೆ ಸಂತೋಷವಾಯಿತು. ಆದರೂ ಮನಸ್ಸು ತಡೆಯಲಿಲ್ಲ.

"ಮತ್ತ ಆಯಿ ಸೀರಿ? ತಿರುಗಿ ಕೊಟ್ಟಾಳೇನು?"

"ಇಲ್ರಿ."

"ನೀ ಕೇಳಿದೇನು?"

"ಇಲ್ರಿ."

"ಅಲ್ಲಾ, ಯಾಕ ಕೇಳಿಲ್ಲ? ಅದು ನಿಂದು ತಂಗಿ! ಅಂಜಬ್ಯಾಡ. ನಾನಽ ಆಕಿಗೆ ಫೋನ ಹಚ್ಚಿ ಕೇಳ್ತೇನಿ, ನಂಬರ್ ಕೊಡು."

"ಅಕ್ಕಾರ, ನೀವು ಬರೇ ಸಿಟ್ಟ ಮಾಡ್ತೀರಿ, ವಿಚಾರ ಮಾಡೂದಿಲ್ಲ" ಅಂದಳು ತಂಗಿ, ಮೊದಲ ಸಲ ನನಗೇ ಬೈಯುತ್ತ. "ನನ್ನ ಕೆಲಸದಿಂದ ತಗೀಬೇಕಾದ್ರ ಮೇಡಂ ಮೊದಲ ನನ್ನ ಸೀರಿ ತಿರುಗಿ ಕೊಡಬೇಕಲ್ರಿ? ನನ್ನ ಮಗಳು ಹತ್ತನೇ ಇಯತ್ತೆ ಪಾಸ್ ಆಗೂತನಕ ಅದು ಆಕಿ ಕಪಾಟಿನ್ಯಾಗಽ ಇರಲಿ ಬಿಡ್ರಿ."